ಕಿಟಕಿಯ ಮುಂದಿನ ಸಾಲು

ಹಾಸನದ ನಿವೃತ್ತ ಮೇಷ್ಟ್ರೊಬ್ಬರು (ಹೆಸರು ಹಾಕಬೇಡಿ ಎಂದಿದ್ದಾರೆ) ಬರೆಯುತ್ತಾರೆ: ‘ಯುಕ್ರೇನ್ ಮೇಲಿನ ಯುದ್ಧ ಬೇಡ ಅನ್ನುವ ರಷ್ಯನ್ನರು ದೇಶ ಬಿಟ್ಟು ಹೊರಡಬಹುದಲ್ಲ? ಬಿಡದೆ ಕೂತವರೆಲ್ಲ ಒಳಗೊಳಗೇ ಒಪ್ಪಿದವರೇ ಅಂತ ನನ್ನ ಎಣಿಕೆ. ನೀವೇನಂತೀರಿ?’

ಮೇಷ್ಟ್ರೇ, ನಿಮ್ಮ ಅಕ್ಷರ ದುಂಡಗಿದೆ, ತರ್ಕವೂ ದುಂಡಗಿದೆ. ನನಗೆ ಅನುಮಾನ ಬಂದದ್ದು ಅಲ್ಲೇ.

ಹೊರಟವರ ಮೇಲೆ ನನಗೆ ಸಿಟ್ಟಿಲ್ಲ. 2022ರ ಸೆಪ್ಟೆಂಬರ್ 21ರಂದು ಮೂರು ಲಕ್ಷ ಜನರನ್ನು ಸೈನ್ಯಕ್ಕೆ ಕರೆದಾಗ, ಜಾರ್ಜಿಯಾ ಗಡಿಯ ವೆರ್ಖ್ನಿ ಲಾರ್ಸ್‌ನಲ್ಲಿ ನಡೆದು ದಾಟುವಂತಿಲ್ಲ ಎಂಬ ನಿಯಮಕ್ಕಾಗಿ ಸೈಕಲ್ಲು ಕೊಂಡು ದಾಟಿದ ಹುಡುಗರಿದ್ದಾರಲ್ಲ, ಅವರು ಅಷ್ಟರ ಮಟ್ಟಿಗೆ ಬಂದೂಕುಗಳನ್ನು ಕಡಿಮೆ ಮಾಡಿದರು. ಹೋಗಿ ಚೆನ್ನಾಗಿ ಬಾಳಿದವರೂ ಉಂಟು. ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ನಮ್ಮ ಕನಕಪುರ ರಸ್ತೆಯ ತಾತಗುಣಿಯಲ್ಲಿ ದೇವಿಕಾ ರಾಣಿಯವರ ಜೊತೆ ಬಾಳಿ, 1993ರಲ್ಲಿ ಬೆಂಗಳೂರಲ್ಲೇ ಕಣ್ಣು ಮುಚ್ಚಿದರು. ಇಷ್ಟು ಒಪ್ಪಿದೆ. ಇನ್ನು ನಿಮ್ಮ ‘ಹೊರಡಬಹುದಲ್ಲ’ಕ್ಕೆ ಬರೋಣ.

ರಷ್ಯನ್ನರಿಗೆ ಪಾಸ್‌ಪೋರ್ಟು ಎರಡು. ಹದಿನಾಲ್ಕು ತುಂಬಿದಾಗ ಎಲ್ಲರಿಗೂ ಸಿಗುವುದು ಒಳನಾಡಿನದು. ಅದನ್ನು ಹಿಡಿದು ಅರ್ಮೇನಿಯಾಕ್ಕೋ ಕಜಕಸ್ತಾನಕ್ಕೋ ಹೋಗಬಹುದು. ಬೇರೆ ಬಹುತೇಕ ದೇಶಗಳಿಗೆ ಇನ್ನೊಂದು ಬೇಕು. ಕಜಕಸ್ತಾನದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಆಮೇಲೆ ವಾಸದ ಪರವಾನಗಿ ಆಗಬೇಕು. ಅಂಥ ಪರವಾನಗಿಗೆ ಜನನ, ಮದುವೆ, ಪದವಿಯ ಪತ್ರಗಳು ಬೇಕಾಗುತ್ತವೆ. ಹಲವು ದೇಶಗಳು ಅವುಗಳ ಮೇಲೆ ಅಪೋಸ್ಟೀಲ್ ಮುದ್ರೆ, ಅಂದರೆ ಪತ್ರ ಅಸಲಿ ಎಂದು ಹೊರದೇಶದವರಿಗೆ ಖಾತ್ರಿಪಡಿಸುವ ಸರ್ಕಾರಿ ಮುದ್ರೆ, ಕೇಳುತ್ತವೆ. ಜನ ಎಡವುವುದು ಇಲ್ಲಿ. ಮೊದಲು ಅನುವಾದ ಮಾಡಿಸಿ ಆಮೇಲೆ ಮುದ್ರೆ ಹಾಕಿಸಿದರೆ ದುಡ್ಡು ನೀರಿನಲ್ಲಿ ಹೋಮ. ಮೊದಲು ಮೂಲಪತ್ರಕ್ಕೆ ಮುದ್ರೆ, ಆಮೇಲೆ ಮುದ್ರೆಯೂ ಸೇರಿದಂತೆ ಅನುವಾದ, ಕೊನೆಗೆ ನೋಟರಿ. ಅಮ್ಮನ ಬೀರುವಿನಲ್ಲಿರುವ ಸೋವಿಯತ್ ಕಾಲದ ಹಸಿರು ಜನನಪುಸ್ತಿಕೆಗಂತೂ ಮುದ್ರೆ ಬೀಳುವುದೇ ಇಲ್ಲ. ನೋಂದಣಿ ಕಚೇರಿಯಿಂದ ಹೊಸದಾಗಿ ತೆಗೆಸಬೇಕು. ಗಡಿ ದಾಟಿದ ಮೇಲೆ ಇದು ನೆನಪಾದರೆ ಊರಿನಲ್ಲಿರುವ ಅಕ್ಕನಿಗೋ ಗೆಳೆಯನಿಗೋ ಜಿಪಿಎ (ಅಧಿಕಾರಪತ್ರ) ಬರೆದುಕೊಟ್ಟು ಓಡಾಡಿಸಬೇಕು. ನೋಡಿದಿರಾ, ಹೋಗುವವರಿಗೂ ಊರಲ್ಲೊಬ್ಬರು ಉಳಿದಿರಬೇಕು!

ದುಡ್ಡಿನ ಕಥೆ ಬೇರೆ. 2022ರ ಮಾರ್ಚಿನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಹಿಂದೆ ಸರಿದ ಮೇಲೆ ರಷ್ಯದ ಬ್ಯಾಂಕು ಕೊಟ್ಟ ಆ ಕಾರ್ಡುಗಳು ಗಡಿಯಾಚೆ ಬರೀ ಪ್ಲಾಸ್ಟಿಕ್ಕು. ಜೇಬಿನಲ್ಲಿ ಒಯ್ಯುವ ವಿದೇಶಿ ನೋಟಿಗೆ ಹತ್ತು ಸಾವಿರ ಡಾಲರಿನ ಮಿತಿ. 2023ರ ಏಪ್ರಿಲ್‌ನ ಕಾನೂನಿನಂತೆ ಸೈನ್ಯದ ಕರೆಯೋಲೆ ಆನ್‌ಲೈನ್ ದಾಖಲೆಯಲ್ಲಿ ಬಿದ್ದರೆ ಮುಗಿಯಿತು, ಓದದಿದ್ದರೂ ಮುಟ್ಟಿದಂತೆ ಲೆಕ್ಕ, ದೇಶ ಬಿಡುವಂತಿಲ್ಲ. ಇಪ್ಪತ್ತು ದಿನದಲ್ಲಿ ಹಾಜರಾಗದಿದ್ದರೆ ಗಾಡಿ ಓಡಿಸುವಂತಿಲ್ಲ, ಸಾಲ ಸಿಗುವುದಿಲ್ಲ, ಮನೆ ಮಾರುವಂತಿಲ್ಲ.

ಇಷ್ಟೆಲ್ಲ ದಾಟಿದವನನ್ನು ಯುರೋಪು ಆರತಿ ಎತ್ತಿ ಕರೆದುಕೊಂಡಿತೇ? 2022ರ ಸೆಪ್ಟೆಂಬರಿನಲ್ಲಿ ವೀಸಾ ಶುಲ್ಕವನ್ನು 35ರಿಂದ 80 ಯೂರೋಗೆ ಏರಿಸಿತು. 2025ರ ನವೆಂಬರಿನಲ್ಲಿ, ಕೆಲವರನ್ನು ಬಿಟ್ಟು ಉಳಿದ ರಷ್ಯನ್ನರಿಗೆ ಹಲವು ಬಾರಿ ಹೋಗಿಬರುವ ವೀಸಾ ಕೊಡುವುದನ್ನೇ ನಿಲ್ಲಿಸಿತು. ಇದೇ ಯುರೋಪಿನ ಸೈಪ್ರಸ್ 2020ರವರೆಗೆ ಸುಮಾರು 20 ಲಕ್ಷ ಯೂರೋ ಹೂಡಿದವರಿಗೆ ಪೌರತ್ವವನ್ನೇ ಕೊಡುತ್ತಿತ್ತು. ರಷ್ಯದ ಸಿರಿವಂತರು ಅಲ್ಲಿ ನಿಂತು ಕೊಂಡುಕೊಂಡರು. ‘ಹೋಗಬಹುದಲ್ಲ’ ಎಂಬ ನಿಮ್ಮ ಮಾತು ಯಾರಿಗೆ ಸಲ್ಲುತ್ತದೆ, ಲೆಕ್ಕದ ಮೇಷ್ಟ್ರು ನೀವೇ ಹೇಳಿ.

ಊರಲ್ಲೇ ಬಿಟ್ಟುಬರಬೇಕಾದ ಹೆತ್ತವರ ಮಾತು ತೆಗೆದರೆ ರಷ್ಯನ್ ಕವಿ ಬ್ರಾಡ್‌ಸ್ಕಿ ನೆನಪಾಗುತ್ತಾನೆ. 1972ರ ಜೂನಿನಲ್ಲಿ ಅವನನ್ನು ವಿಮಾನ ಹತ್ತಿಸಿ ಹೊರಗೆ ಕಳಿಸಿದರು. ಮಗನನ್ನು ಒಮ್ಮೆ ನೋಡಿಬರುತ್ತೇವೆ ಎಂದು ತಂದೆತಾಯಿ ಅರ್ಜಿಯ ಮೇಲೆ ಅರ್ಜಿ ಹಾಕಿದರು, ಅನುಮತಿ ಸಿಗಲಿಲ್ಲ. 1983ರಲ್ಲಿ ತಾಯಿ ಹೋದಳು, ಮರುವರ್ಷ ತಂದೆ. ಇನ್ನು ವಿರೋಧ ಪಕ್ಷದ ರಾಜಕಾರಣಿ ಇಲ್ಯಾ ಯಾಶಿನ್: ಯುಕ್ರೇನಿನ ಬುಚಾ ಪಟ್ಟಣದ ಕೊಲೆಗಳ ಬಗ್ಗೆ ಮಾತಾಡಿದ್ದಕ್ಕೆ ಎಂಟೂವರೆ ವರ್ಷ ಶಿಕ್ಷೆಯಾಯಿತು. 2024ರ ಆಗಸ್ಟಿನ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದಾಗ, ನನ್ನ ಒಪ್ಪಿಗೆಯಿಲ್ಲದೆ ದೇಶದಿಂದ ಹೊರಹಾಕಿದರು ಎಂದು ಬಾನ್ ನಗರದಲ್ಲಿ ಪತ್ರಕರ್ತರ ಮುಂದೆ ಸಂಕಟಪಟ್ಟ. ಜೈಲಿನಿಂದ ಹೊರಬಂದವನಿಗೆ ಊರಿನ ಚಿಂತೆ! ಇವನನ್ನೂ ‘ಒಳಗೊಳಗೇ ಒಪ್ಪಿದವರ’ ಪಟ್ಟಿಗೆ ಸೇರಿಸುತ್ತೀರಾ?

ಉಳಿದವರು ಮಾಡುವುದೇನು ಅನ್ನುತ್ತೀರಿ. ಸ್ಟಾಲಿನ್ ಕಾಲದಲ್ಲೂ ಕವಯಿತ್ರಿ ಆನ್ನಾ ಅಖ್ಮಾತೊವಾ ದೇಶ ಬಿಡಲಿಲ್ಲ. ಮಗ ಜೈಲಿನಲ್ಲಿದ್ದಾಗ ಲೆನಿನ್‌ಗ್ರಾದಿನ (ಇಂದಿನ ಪೀಟರ್ಸ್‌ಬರ್ಗು) ಜೈಲುಗಳ ಮುಂದೆ ಹದಿನೇಳು ತಿಂಗಳು ಸಾಲಿನಲ್ಲಿ ನಿಂತಳು. ಅಲ್ಲಿನ ಕ್ರೆಸ್ತಿ ಜೈಲು 2017ರಲ್ಲಿ ಕೋಲ್ಪಿನೊಗೆ ಸ್ಥಳಾಂತರವಾಯಿತು, ಆದರೆ ಸಾಲು ಕರಗಿಲ್ಲ. ವಿಚಾರಣಾಧೀನ ಕೈದಿಗೆ ತಿಂಗಳಿಗೆ 30 ಕೆ.ಜಿ.ಯಷ್ಟು ಸಾಮಾನು ಕೊಡಬಹುದು. ಮನೆಯವರು ಹಿಂದಿನ ರಾತ್ರಿ ಕೂತು ಮಿಠಾಯಿಯ ಕಾಗದ ಒಂದೊಂದೇ ಬಿಚ್ಚುತ್ತಾರೆ, ಚಹಾಪುಡಿಯನ್ನು ಪಾರದರ್ಶಕ ಚೀಲಕ್ಕೆ ಸುರಿಯುತ್ತಾರೆ, ಎಲ್ಲದರ ತೂಕ ಪಟ್ಟಿಯಲ್ಲಿ ಬರೆಯುತ್ತಾರೆ. ಪಟ್ಟಿಗೂ ಗಂಟಿಗೂ ತಾಳೆಯಾಗದಿದ್ದರೆ ಕಿಟಕಿಯಿಂದ ವಾಪಸು, ಮತ್ತೆ ಸಾಲಿನ ಬಾಲಕ್ಕೆ. ಈ ಗಂಟನ್ನು ಬರ್ಲಿನ್ನಿನಲ್ಲಿ ಕೂತವನು ಹೊತ್ತು ತರಲಾರ. ದುಡ್ಡು ಕಳಿಸಬಹುದು, ಒಳ್ಳೆಯದು. ಕಿಟಕಿಯ ಮುಂದೆ ನಿಲ್ಲಲು ಮಾತ್ರ ಒಬ್ಬ ಮನುಷ್ಯನೇ ಬೇಕು. ಈ ಉಳಿದವರನ್ನು ಯುದ್ಧದ ಪರ ಎಂದು ಅಳೆಯುವ ಜಾಣರು ನಮ್ಮಲ್ಲೂ ಕಡಿಮೆಯಿಲ್ಲ. ಮೋದಿ ಪ್ರಧಾನಿಯಾಗುವುದನ್ನು ಒಪ್ಪದ ಹಿರಿಯ ಸಾಹಿತಿ ಅನಂತಮೂರ್ತಿಯವರಿಗೆ ಪಾಕಿಸ್ತಾನದ ಟಿಕೆಟ್ಟು ತೆಗೆದುಕೊಟ್ಟ ಊರು ನಮ್ಮದು. ಒಪ್ಪದವನು ಜಾಗ ಖಾಲಿ ಮಾಡಬೇಕು ಎಂಬ ನಂಬಿಕೆಯಲ್ಲಿ ಅಲ್ಲಿನ ದೊರೆಗೂ ಇಲ್ಲಿನ ಕಟ್ಟೆಪುರಾಣದವರಿಗೂ ಏನು ವ್ಯತ್ಯಾಸ?

ದುಂಡಗಿನ ಅಕ್ಷರದವರು ನೀವು, ಒಂದು ಕೆಲಸ ಮಾಡಬಹುದು. ಅಲ್ಲಿನ ಕೈದಿಗಳಿಗೆ ಹೊರಗಿನವರು ಕಾಗದ ಬರೆಯಬಹುದು. ಲಕೋಟೆಯ ಮೇಲೆ ಕೈದಿಯ ಪೂರ್ತಿ ಹೆಸರು, ತಂದೆಯ ಹೆಸರು, ಹುಟ್ಟಿದ ವರ್ಷ ಇರಲೇಬೇಕು. ಒಕ್ಕಣೆ ರಷ್ಯನ್ನಿನಲ್ಲಿರಲಿ, ಸೆನ್ಸಾರಿನವನಿಗೆ ಅರ್ಥವಾಗದ ಭಾಷೆಯಾದರೆ ಕಾಗದ ಅವನ ಮೇಜಿನ ಮೇಲೇ ಕೊಳೆಯುತ್ತದೆ. ಯುದ್ಧದ ಮಾತು ಬೇಡ, ಕಪ್ಪು ಬಳಿಯುತ್ತಾರೆ. ಹಾಸನದ ಮಳೆಯ ಬಗ್ಗೆ ಬರೆಯಿರಿ. ಉತ್ತರಕ್ಕೆಂದು ಒಂದು ಖಾಲಿ ಹಾಳೆಯನ್ನೂ ಒಳಗಿಡಿ.

— ಸಂ.