ಟಿವಿ ಕೇಬಲ್‌ನಲ್ಲೇ ಇಂಟರ್ನೆಟ್ ಹೇಗೆ ಬರುತ್ತದೆ? ಅಪ್‌ಲೋಡ್ ಮಾತ್ರ ಯಾಕೆ ನಿಧಾನ?

ಇಂಟರ್ನೆಟ್ ಕೂಡ ಆ ಕೇಬಲ್‌ನಲ್ಲಿ ಇನ್ನೊಂದಿಷ್ಟು ಚಾನೆಲ್‌ಗಳ ಹಾಗೇ ಬರುತ್ತದೆ. ಒಂದೇ ತಂತಿಯಲ್ಲಿ ಅಷ್ಟೊಂದು ಟಿವಿ ಸಿಗ್ನಲ್‌ಗಳು ಕಲಸಿಹೋಗದೆ ಬರುವುದು ಬೇರೆ ಬೇರೆ ಫ್ರೀಕ್ವೆನ್ಸಿಗಳಲ್ಲಿ ಇರುವುದರಿಂದ, ಅಲ್ವಾ? ಅದರಲ್ಲೇ ಕೆಲವನ್ನು ಡೇಟಾಗೆ ಬಿಟ್ಟಿರುತ್ತಾರೆ. ಮೋಡೆಮ್ ಅವನ್ನು ಮಾತ್ರ ಹಿಡಿದು, ಅಲೆಯಲ್ಲಾಗುವ ಬದಲಾವಣೆಯನ್ನು ಸೊನ್ನೆ-ಒಂದುಗಳಾಗಿ ಓದಿ ರೂಟರ್‌ಗೆ ಕೊಡುತ್ತದೆ. ಅಮೆರಿಕದಲ್ಲಿ ಇಂಥ ಒಂದು ಚಾನೆಲ್‌ನ ಅಗಲ 6 ಮೆಗಾಹರ್ಟ್ಸ್. ಅದರಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಬರುತ್ತದೆ. ಜಾಸ್ತಿ ವೇಗ ಬೇಕಾದರೆ ಹಲವು ಚಾನೆಲ್‌ಗಳನ್ನು ಒಟ್ಟು ಸೇರಿಸುತ್ತಾರೆ. ಡಾಕ್ಸಿಸ್ 3.0 ಮೋಡೆಮ್‌ಗಳು ಮಾಡುವುದು ಇದನ್ನೇ (ಡಾಕ್ಸಿಸ್ ಅಂದರೆ ಕೇಬಲ್ ಇಂಟರ್ನೆಟ್‌ನ ನಿಯಮಾವಳಿ, ಮೊದಲು ಬಂದದ್ದು 1997ರಲ್ಲಿ).

ಇನ್ನು ಅಪ್‌ಲೋಡ್. ಈ ಜಾಲ ಕಟ್ಟಿದ್ದೇ ಟಿವಿ ತೋರಿಸಲಿಕ್ಕೆ, ಅಂದರೆ ಎಲ್ಲವೂ ಮನೆಯ ಕಡೆಗೆ ಬರಬೇಕು, ಮನೆಯಿಂದ ವಾಪಸ್ ಹೋಗುವುದು ಏನೂ ಇರಲಿಲ್ಲ. ಹಾಗಾಗಿ ವಾಪಸ್ ದಾರಿಗೆ ಸಿಕ್ಕಿದ್ದು ಫ್ರೀಕ್ವೆನ್ಸಿಗಳ ತಳದ ಒಂದು ಚೂರು ಜಾಗ, ಅಮೆರಿಕದ ಹಳೆಯ ಜಾಲಗಳಲ್ಲಿ 5ರಿಂದ 42 ಮೆಗಾಹರ್ಟ್ಸ್ ಅಷ್ಟೇ. ಅದನ್ನೂ ಅಕ್ಕಪಕ್ಕದ ಮನೆಗಳೆಲ್ಲ ಹಂಚಿಕೊಳ್ಳಬೇಕು. ಎಲ್ಲರ ಮೋಡೆಮ್ ಒಂದೇ ಕ್ಷಣ ಮಾತಾಡಿದರೆ ಯಾರ ಮಾತೂ ಕೇಳಿಸುವುದಿಲ್ಲ. ಅದಕ್ಕೇ ನಿಮ್ಮ ಮೋಡೆಮ್ ಮೊದಲು "ನನಗೆ ಇಷ್ಟು ಕಳಿಸಬೇಕು" ಎಂದು ಕೇಬಲ್ ಕಂಪನಿಯ ಯಂತ್ರವನ್ನು ಕೇಳುತ್ತದೆ, ಅದು ಸರದಿ ಕೊಟ್ಟ ಮೇಲೇ ಕಳಿಸುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಭಾಗ ಇದು. ಸೆಕೆಂಡಿನ ಸಾವಿರದ ಕೆಲವೇ ಭಾಗದಲ್ಲಿ ಇಷ್ಟೂ ಮುಗಿದಿರುತ್ತದೆ! ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ವೇಗ ಇಳಿಯುವುದಕ್ಕೂ ಈ ಹಂಚಿಕೆಯೇ ಮುಖ್ಯ ಕಾರಣ.