ದೆಹಲಿಯಿಂದ ಬಾಗ್ಡೋಗ್ರಾಕ್ಕೆ ಹೋಗುವಾಗ ಹಿಮಾಲಯ ಯಾವ ಕಿಟಕಿಯಲ್ಲಿ ಕಾಣುತ್ತದೆ?

ಅಪ್ಪ ಅಮ್ಮನನ್ನು ನವೆಂಬರ್‌ನಲ್ಲಿ ಡಾರ್ಜಿಲಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ, ಬೆಂಗಳೂರಿನಿಂದ ದೆಹಲಿ, ಅಲ್ಲಿಂದ ಡಾರ್ಜಿಲಿಂಗ್‌ಗೆ ಹತ್ತಿರದ ವಿಮಾನ ನಿಲ್ದಾಣವಾದ ಬಾಗ್ಡೋಗ್ರಾ, ಯಾವ ಕಡೆ ಸೀಟು ಹಿಡಿಯಲಿ ಅಂತ ಕೇಳಿದ್ದೀರಿ.

ಎಡಗಡೆ. 'ಎ' ಸೀಟು. ಯೋಚನೆಯೇ ಬೇಡ.

ಕಾರಣ ಸುಲಭ. ವಿಮಾನ ಪೂರ್ವಕ್ಕೆ ಹಾರುತ್ತದೆ, ಹಿಮಾಲಯ ಉತ್ತರಕ್ಕಿದೆ. ಇನ್ನೊಂದು ಲಾಭವೂ ಉಂಟು. ನವೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಅಂದರೆ ನಿಮ್ಮ ಬೆನ್ನ ಕಡೆ. ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ, ಬೆಳಕೆಲ್ಲ ಹಿಮದ ಮೇಲೆ ಬೀಳುತ್ತದೆ. ಬಲಗಡೆ ಕೂತವರಿಗೆ ಬಯಲು ಮತ್ತು ಬಿಸಿಲು, ಅಷ್ಟೇ.

ಆದರೆ ಕಡೆ ಸರಿ ಇದ್ದರೆ ಸಾಲದು, ಸಾಲೂ ಸರಿ ಇರಬೇಕು. ನಾನು ಮೊದಲ ಸಲ ಹೋದಾಗ 14ಎ ಹಿಡಿದಿದ್ದೆ. ಪೂರ್ತಿ ದಾರಿ ರೆಕ್ಕೆ ನೋಡಿಕೊಂಡು ಹೋದೆ, ಬೆಟ್ಟ ಕಂಡಿದ್ದು ರೆಕ್ಕೆಯ ಅಂಚಿನಾಚೆ ಒಂದು ಚೂರು. ಈ ದಾರಿಯಲ್ಲಿ ಜಾಸ್ತಿ ಸಿಗುವ ಏರ್‌ಬಸ್ 320 ಥರದ ವಿಮಾನಗಳಲ್ಲಿ ಸುಮಾರು 10ರಿಂದ 20ರವರೆಗಿನ ಸಾಲುಗಳು ರೆಕ್ಕೆಯ ಮೇಲೆಯೇ ಬರುತ್ತವೆ. ರೆಕ್ಕೆಯ ಹಿಂದೆ ಕೂತರೆ ಇಂಜಿನ್ನಿನ ಬಿಸಿಗಾಳಿಗೆ ದೂರದ ನೋಟ ನೀರಿನಂತೆ ಅಲುಗಾಡುತ್ತದೆ. ರೆಕ್ಕೆಗಿಂತ ಮುಂದಿನ ಸಾಲಿಗೆ ಸ್ವಲ್ಪ ದುಡ್ಡು ಹೆಚ್ಚಾದರೂ ಕೊಡಿ. ಬೇರೆಲ್ಲಾದರೂ ಉಳಿಸಿದರಾಯಿತು.

ಎರಡನೇ ಸಲ ಅಮ್ಮನನ್ನು 5ಎನಲ್ಲಿ ಕೂರಿಸಿದೆ. ಹೊರಟು ಒಂದು ಗಂಟೆ ಆಗುವ ಹೊತ್ತಿಗೆ ದೂರದಲ್ಲಿ ಬಿಳಿ ಸಾಲು ಶುರುವಾಯಿತು. "ಮೋಡ ಅಲ್ವೇನೋ ಅದು?" ಅಂದರು. ಮೋಡದ ಅಂಚು ಹತ್ತಿಯ ಹಾಗಿರುತ್ತದೆ. ಇದರಲ್ಲಿ ನೀಲಿ ನೆರಳು, ಚೂಪಾದ ಏಣು. ಅಮ್ಮ ಹಣೆಯನ್ನು ಗಾಜಿಗೆ ಒತ್ತಿಕೊಂಡು ಕೂತವರು ಕಾಫಿ ಬಂದರೂ ತಿರುಗಲಿಲ್ಲ.

ಮೊದಲು ಬರುವುದು ಧವಳಗಿರಿ, ಅನ್ನಪೂರ್ಣದ ಕಡೆಯ ಶಿಖರಗಳು. ಇಳಿಯಲು ಅರ್ಧ ಗಂಟೆ ಇದೆ ಅನ್ನುವಾಗ ಎವರೆಸ್ಟ್ ಹುಡುಕಲು ಶುರು ಮಾಡಿ. ಎಲ್ಲಕ್ಕಿಂತ ಬೆಳ್ಳಗಿರುವುದನ್ನು ಹುಡುಕಿದರೆ ತಪ್ಪುತ್ತೀರಿ. ದಕ್ಷಿಣದಿಂದ ನೋಡಿದರೆ ಅದರ ಮುಂದೆ ಲೋತ್ಸೆ, ನುಪ್ತ್ಸೆ ಶಿಖರಗಳ ಗೋಡೆ ಇದೆ. ಅದರ ಹಿಂದಿನಿಂದ ತುದಿ ಮಾತ್ರ ಇಣುಕುತ್ತದೆ, ಅದೂ ಕಪ್ಪಗೆ, ಗಾಳಿ ಹಿಮವನ್ನು ನಿಲ್ಲಲು ಬಿಡುವುದಿಲ್ಲ. ಬಲಕ್ಕೆ ಮಕಾಲು. ಇನ್ನೂ ಮುಂದಕ್ಕೆ, ಯಾರ ಜೊತೆಯೂ ಸೇರದೆ ಅಗಲವಾಗಿ ಹರಡಿಕೊಂಡಿರುವುದೇ ಕಾಂಚನಜುಂಗಾ, 8,586 ಮೀಟರ್. ನನಗೆ ಎವರೆಸ್ಟ್‌ಗಿಂತ ಇದೇ ಚಂದ. ಡಾರ್ಜಿಲಿಂಗ್‌ನಲ್ಲಿ ದಿನವೂ ನಿಮ್ಮೆದುರಿಗೆ ನಿಲ್ಲುವುದೂ ಇದೇ, ಅಪ್ಪ ಅಮ್ಮನಿಗೆ ಈಗಲೇ ತೋರಿಸಿಬಿಡಿ.

ಸಾಧ್ಯವಾದರೆ ಬೆಳಗಿನ ವಿಮಾನ ಹಿಡಿಯಿರಿ, ಮಧ್ಯಾಹ್ನದ ಮೇಲೆ ಮೋಡ ಏಳುವುದು ಜಾಸ್ತಿ. ತಿಂಗಳು ನೀವು ಸರಿಯಾಗಿಯೇ ಆರಿಸಿದ್ದೀರಿ. ಮಳೆಗಾಲದಲ್ಲಾದರೆ ಯಾವ ಸೀಟಾದರೂ ಒಂದೇ.

ಬೆಂಗಳೂರಿನಿಂದ ನೇರ ವಿಮಾನದ ಯೋಚನೆ ಇದ್ದರೆ, ಅದು ಈಶಾನ್ಯಕ್ಕೆ ಹಾರುತ್ತದೆ. ಬೆಟ್ಟ ಮೂತಿಯ ಕಡೆಗಿರುತ್ತದೆ, ಪಕ್ಕದ ಕಿಟಕಿಗೆ ಸಿಗುವುದು ಕಡಿಮೆ. ಹಾಗಾಗಿ ದೆಹಲಿ ಮೂಲಕ ಹೋಗುವುದೇ ಒಳ್ಳೆಯದು.

ಹಾಂ, ದೇವನಹಳ್ಳಿಯಲ್ಲಿ ಏರುವಾಗಲೂ ಕಿಟಕಿ ಪಕ್ಕ ಕೂರಿ. ಅಲ್ಲಿ ರನ್‌ವೇ ಪೂರ್ವ-ಪಶ್ಚಿಮ, ನಂದಿಬೆಟ್ಟ ಉತ್ತರಕ್ಕೆ. ಪಶ್ಚಿಮಕ್ಕೆ ಏರಿದರೆ ಬಲಗಡೆ, ಪೂರ್ವಕ್ಕೆ ಏರಿದರೆ ಎಡಗಡೆ ಕಾಣುತ್ತದೆ. ಎತ್ತ ಏರುವುದು ಅನ್ನುವುದು ಆ ದಿನದ ಗಾಳಿಗೆ ಬಿಟ್ಟದ್ದು.

ಬಾಗ್ಡೋಗ್ರಾದಿಂದ ದೆಹಲಿಗೆ ವಾಪಸ್ ಬರುವಾಗ ಮಾತ್ರ ಮರೆಯಬೇಡಿ, ಬಲಗಡೆ, 'ಎಫ್' ಸೀಟು. ಹೋಗುವಾಗ ಅಮ್ಮ ಕಿಟಕಿಗೆ ಕೂತಿದ್ದರೆ ಬರುವಾಗ ಅಪ್ಪನಿಗೆ ಕೊಡಿ.