ನುಚ್ಚು ಹಾಕಿದ ಮೇಲೆ ದನ ಮೇಯುತ್ತಿಲ್ಲ

ಪ್ರಶ್ನೆ: ಮಾಂಸಕ್ಕಾಗಿ ಸಾಕಿದ, ಸುಮಾರು 300 ಕಿಲೋ ತೂಗುವ ದನಗಳನ್ನು ಬಯಲಿನಲ್ಲಿ ಮೇಯಿಸುತ್ತಿದ್ದೇವೆ. ಹುಲ್ಲು ಬಲಿತು ಒಣಗಿದೆ. ಮೈ ಕಟ್ಟಲೆಂದು ದಿನಕ್ಕೆ ತಲಾ ಎರಡೂವರೆ ಕಿಲೋ ಮೆಕ್ಕೆಜೋಳದ ನುಚ್ಚು ಹಾಕುತ್ತಿದ್ದೇವೆ. ಈಗ ಹುಲ್ಲು ಮುಟ್ಟುವುದೇ ಕಡಿಮೆ. ನುಚ್ಚಿನ ಬದಲು ಸೋಯಾ ಸಿಪ್ಪೆಯೋ ಗೋಧಿ ಬೂಸಾವೋ ಆದೀತೇ?

ಉತ್ತರ: ಆಗುತ್ತದೆ. ಒಣಹುಲ್ಲು ಮೇಯುವ ದನಕ್ಕೆ ಅದೇ ವಾಸಿ. ನುಚ್ಚಿನ ಬಹುಪಾಲು ಪಿಷ್ಟ. ಅದು ಮೆಲುಕು ಹೊಟ್ಟೆಯಲ್ಲಿ ಬೇಗ ಹುದುಗಿ ಆಮ್ಲ ಏರಿಸುತ್ತದೆ. ಪಿಎಚ್ (ಆಮ್ಲದ ಅಳತೆ, ಆಮ್ಲ ಏರಿದಷ್ಟೂ ಇದು ಇಳಿಯುತ್ತದೆ) ಸುಮಾರು 6.2ಕ್ಕಿಂತ ಕೆಳಗಿಳಿದರೆ ನಾರು ಒಡೆಯುವ ಬ್ಯಾಕ್ಟೀರಿಯಾ ಸೊರಗುತ್ತವೆ. ಹುಲ್ಲು ಕರಗದೆ ಒಳಗೇ ನಿಲ್ಲುತ್ತದೆ, ದನಕ್ಕೆ ಹಸಿವಾಗುವುದಿಲ್ಲ. ಪಿಷ್ಟದ ಆಹಾರ ದೇಹತೂಕದ ಶೇ. 0.4–0.5 ದಾಟಬಾರದು, ಅಂದರೆ ನಿಮ್ಮ ದನಕ್ಕೆ ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಕಿಲೋ.

ಸೋಯಾ ಸಿಪ್ಪೆಯಲ್ಲೂ ಶಕ್ತಿಯಿದೆ, ಆದರೆ ಅದು ಬರುವುದು ಸುಲಭವಾಗಿ ಕರಗುವ ನಾರಿನಿಂದ. ಸಕ್ಕರೆ ತೆಗೆದ ಮೇಲೆ ಉಳಿಯುವ ಶುಗರ್ ಬೀಟ್ ಗಡ್ಡೆಯ ತಿರುಳೂ ಹಾಗೆಯೇ. ಬೂಸಾದಲ್ಲಿ ಸ್ವಲ್ಪ ಪಿಷ್ಟ ಉಳಿದಿರುತ್ತದೆ, ಆದರೂ ನುಚ್ಚಿನಷ್ಟು ತೊಂದರೆಯಿಲ್ಲ.

ಅದಕ್ಕೂ ಮೊದಲು ದಯವಿಟ್ಟು ಸಗಣಿ ನೋಡಿ. ನಾನು ಯಾವ ದನದ ಹಿಂಡಿನ ಬಳಿ ಹೋದರೂ ಮೊದಲು ಬಗ್ಗಿ ನೋಡುವುದು ಅದನ್ನೇ. ಗಟ್ಟಿಯಾಗಿ ಪದರ ಪದರವಾಗಿ ಗುಡ್ಡೆ ಕಟ್ಟಿದ್ದು, ಕೋಲಿನಿಂದ ಕೆದಕಿದರೆ ಉದ್ದುದ್ದ ಹುಲ್ಲಿನ ಎಳೆಗಳು ಹಾಗೇ ಸಿಕ್ಕರೆ, ಕೊರತೆಯಿರುವುದು ಪ್ರೋಟೀನಿನದು. ಹುಲ್ಲಿನಲ್ಲಿ ಪ್ರೋಟೀನ್ ಶೇ. 7ಕ್ಕಿಂತ ಕಡಿಮೆಯಿದ್ದರೆ ಬ್ಯಾಕ್ಟೀರಿಯಾಗಳಿಗೇ ಉಪವಾಸ. ಆಗ ಬರೀ ಶಕ್ತಿ ಸುರಿದರೆ ಹಣ ದಂಡ. ಮೊದಲು ಸೋಯಾ ಅಥವಾ ಹತ್ತಿಕಾಳಿನ ಹಿಂಡಿ ಕೊಡಿ, ಮೇಯುವುದು ತಾನಾಗಿ ಹೆಚ್ಚುತ್ತದೆ. ಹಿಂಡಿಯನ್ನು ವಾರದ ಲೆಕ್ಕ ಹಿಡಿದು ದಿನ ಬಿಟ್ಟು ದಿನ ಹಾಕಿದರೂ ನಡೆಯುತ್ತದೆ. ನುಚ್ಚಿಗೆ ಆ ಸಲಿಗೆ ಬೇಡ, ಒಮ್ಮೆಗೇ ಹೆಚ್ಚು ತಿಂದರೆ ಆಮ್ಲಬಾಧೆ ತಪ್ಪದು.

ಧಾನ್ಯದಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಡಿಡಿಜಿಎಸ್ ಸಿಕ್ಕರೆ ಬಿಡಬೇಡಿ. ಅದರಲ್ಲಿ ಪ್ರೋಟೀನ್ ಸುಮಾರು ಶೇ. 30, ಶಕ್ತಿಯೂ ಮೆಕ್ಕೆಜೋಳಕ್ಕಿಂತ ಕಡಿಮೆಯಿಲ್ಲ. ಆದರೆ ಗಂಧಕ ಹೆಚ್ಚಿರಬಹುದು. ಕುಡಿಯುವ ನೀರಿನಲ್ಲೂ ಗಂಧಕವಿದ್ದರೆ ಮಿದುಳಿಗೇ ಪೆಟ್ಟು: ದನ ಕುರುಡಾಗಿ, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುತ್ತದೆ. ನೀರು ಪರೀಕ್ಷೆ ಮಾಡಿಸಿಯೇ ಶುರುಮಾಡಿ. ಡಿಡಿಜಿಎಸ್, ಬೂಸಾ ಎರಡರಲ್ಲೂ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಹೋರಿಗಳಿಗೆ ಮೂತ್ರದ ಕಲ್ಲು ಕಟ್ಟದಿರಲು ಮೇವಿಗೆ ಬೆರೆಸುವ ಸುಣ್ಣಕಲ್ಲಿನ ಪುಡಿ ಸೇರಿಸಿ.

ಬದಲಾವಣೆಯನ್ನು ಎರಡು ವಾರಕ್ಕೆ ಹಂಚಿ. ಸಿಪ್ಪೆ ಹಗುರ, ಗಾಳಿಗೆ ಹಾರುತ್ತದೆ, ಉಂಡೆ ಮಾಡಿದ್ದು ಸಿಕ್ಕರೆ ಅದನ್ನೇ ತನ್ನಿ.